ಬಸಂತರ್ ತೀರದ ತರುಣ

ಗಡಿ ಎಂಬ ಮಾತನ್ನು ದಿನ ಬೆಳಗಾದರೆ ಕೇಳುವವರು ನಾವು. ನಮ್ಮ ಪಾಲಿಗೆ ಅದು ಹೊಲದ ಬದುವಿನಾಚೆ ನೆಟ್ಟ ಕಲ್ಲು; ಬಸ್ಸಿನ ಫಲಕದಲ್ಲಿ ಲಿಪಿ ಬದಲಾಗುವ ಜಾಗ; ಮಗಳನ್ನು ಕೊಟ್ಟ ಮನೆಗೂ ಅವಳ ತವರಿಗೂ ನಡುವೆ ಬರುವ ನಾಕೆ. 1956ರಲ್ಲಿ ಎಳೆದ ಆ ಗೆರೆಯ ಬಗ್ಗೆ ನಮಗೆ ದೂರುಗಳುಂಟು, ನೋವುಗಳೂ ಉಂಟು. ಆದರೂ ಅದನ್ನು ದಾಟಲು ನಾವು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಅದಕ್ಕೂ ಒಂಬತ್ತು ವರ್ಷ ಮೊದಲು, 1947ರಲ್ಲಿ, ಪಂಜಾಬಿನ ನಡುವೆ ಎಳೆದ ಗೆರೆ ಅಂಥದಲ್ಲ. ಒಂದು ಕುಟುಂಬದಿಂದ ಅದು ಮೊದಲು ಹುಟ್ಟೂರನ್ನು ಕಿತ್ತುಕೊಂಡಿತು, ಆಮೇಲೆ ಹಿರಿಯ ಮಗನನ್ನು ಕಿತ್ತುಕೊಂಡಿತು. ಡಿಸೆಂಬರ್ ಬಂದಾಗಲೆಲ್ಲ ನೆನಪಾಗುವ ಆ ಮನೆಯ ಕಥೆಯನ್ನು ಈ ಸಲ ವಾಚಕರ ಮುಂದಿಡುತ್ತಿದ್ದೇನೆ.

1971ರ ಡಿಸೆಂಬರ್ 16ರ ಸಂಜೆಯನ್ನು ಕಂಡ ಹಿರಿಯರು ಅದನ್ನು ಮರೆತಿರಲಾರರು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ಸುದ್ದಿ ರೇಡಿಯೋದಲ್ಲಿ ಬಂದಾಗ ದೇಶಕ್ಕೆ ದೇಶವೇ ಹಿಗ್ಗಿತು. ಅದೇ ದಿನ ಬೆಳಗ್ಗೆ ಪಶ್ಚಿಮದ ರಣಭೂಮಿಯಲ್ಲಿ, ಶಕರ್‌ಗಢ ಪ್ರದೇಶದ ಬಸಂತರ್ ಎಂಬ ಚಿಕ್ಕ ನದಿಯ ದಡದಲ್ಲಿ, ಇಪ್ಪತ್ತೊಂದು ವರ್ಷದ ಅಧಿಕಾರಿಯೊಬ್ಬ ತನ್ನ ಟ್ಯಾಂಕಿನೊಳಗೇ ಪ್ರಾಣ ಬಿಟ್ಟಿದ್ದ. ಅವನ ಹೆಸರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್.

ಖೇತರ್ಪಾಲರ ಮನೆತನದ ಮೂಲ ಇಂದು ಪಾಕಿಸ್ತಾನದಲ್ಲಿರುವ ಸರ್ಗೋಧಾ. ಮುತ್ತಜ್ಜ ಸಿಖ್ಖರ ಖಾಲ್ಸಾ ಸೈನ್ಯದಲ್ಲಿದ್ದವರು, ಅಜ್ಜ ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರು, ತಂದೆ ಎಂ. ಎಲ್. ಖೇತರ್ಪಾಲ್ ಸೇನೆಯ ಎಂಜಿನಿಯರ್ ದಳದ ಅಧಿಕಾರಿ. ದೇಶವಿಭಜನೆಯ ಬಿರುಗಾಳಿಯಲ್ಲಿ ಈಚೆಗೆ ಬಂದ ಈ ಕುಟುಂಬದಲ್ಲಿ ಅರುಣ್ ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ನಮಗೆ ಪರಿಚಿತವಾದ ಪುಣೆಯಲ್ಲಿ. ಸನಾವರದ ಲಾರೆನ್ಸ್ ಶಾಲೆಯಲ್ಲಿ ಓದಿ 1967ರಲ್ಲಿ ಅವನು ಮತ್ತೆ ಪುಣೆಗೇ ಬಂದ, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ. ಅಲ್ಲಿಂದ ದೆಹರಾದೂನಿನ ಮಿಲಿಟರಿ ಅಕಾಡೆಮಿ. 1971ರ ಜೂನ್ 13ರಂದು ಅಧಿಕಾರಿಯಾಗಿ ಸೇರಿದ್ದು 17ನೆಯ ಪೂನಾ ಹಾರ್ಸ್ ಎಂಬ ಟ್ಯಾಂಕು ರೆಜಿಮೆಂಟಿಗೆ. 1817ರಿಂದ ನಡೆದುಬಂದ ಆ ಪಡೆಗೆ ಒಂದು ದೊಡ್ಡ ಮಾದರಿ ಎದುರಿಗೇ ಇತ್ತು. 1965ರ ಯುದ್ಧದಲ್ಲಿ ಅದರ ನಾಯಕ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಸಿಯಾಲ್‌ಕೋಟ್ ರಂಗದಲ್ಲಿ ಮಡಿದು ಪರಮವೀರ ಚಕ್ರ ಪಡೆದಿದ್ದರು.

ಯುದ್ಧದ ಮೋಡ ಕವಿದಾಗ ಅರುಣ್ ಅಹಮದನಗರದಲ್ಲಿ ತರುಣ ಅಧಿಕಾರಿಗಳ ತರಬೇತಿಯಲ್ಲಿದ್ದ. ಅದು ಮುಗಿಯುವ ಮೊದಲೇ ರೆಜಿಮೆಂಟಿಗೆ ಮರಳುವಂತೆ ಕರೆ ಬಂತು. ಹೋಗುವ ದಾರಿಯಲ್ಲಿ ದೆಹಲಿಯ ಮನೆಗೆ ಬಂದವನು ಗಾಲ್ಫ್ ಆಟದ ಕೋಲುಗಳನ್ನೂ ಔತಣಕ್ಕೆ ತೊಡುವ ನೀಲಿ ಸಮವಸ್ತ್ರವನ್ನೂ ಸಾಮಾನಿನೊಡನೆ ಕಟ್ಟಿಕೊಂಡನಂತೆ. ಯಾಕೆಂದು ಕೇಳಿದರೆ, ಲಾಹೋರಿನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಔತಣವೂ ಇರುತ್ತದೆ ಎಂದನಂತೆ. ಇಪ್ಪತ್ತೊಂದರ ಹರೆಯದ ಮಾತು ಅದು. ಅದರಲ್ಲಿ ಹುಡುಗಾಟವಿತ್ತು, ದ್ವೇಷವಿರಲಿಲ್ಲ.

ಡಿಸೆಂಬರ್ 15ರ ರಾತ್ರಿ ನಮ್ಮ ಕಾಲ್ದಳ ಬಸಂತರ್ ದಾಟಿ ಆಚೆ ದಡದಲ್ಲಿ ನೆಲೆಯೂರಿತು. ಆದರೆ ಟ್ಯಾಂಕುಗಳು ಬರಬೇಕಾದ ದಾರಿಯ ತುಂಬ ನೆಲಬಾಂಬುಗಳು. ಎಂಜಿನಿಯರುಗಳು ಅವನ್ನು ಕಿತ್ತು ಹಾದಿ ಮಾಡುವ ಕೆಲಸ ಅರ್ಧದಲ್ಲಿದ್ದಾಗಲೇ ಶತ್ರುವಿನ ಟ್ಯಾಂಕುಗಳು ಚಲಿಸುತ್ತಿರುವ ಸುಳಿವು ದೊರೆಯಿತು. ಕಾಲ್ದಳವನ್ನು ಒಂಟಿಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ಅದು ನಿರ್ನಾಮವಾಗುವ ಭಯವಿತ್ತು. ಲೆಫ್ಟಿನೆಂಟ್ ಕರ್ನಲ್ ಹನೂತ್ ಸಿಂಗರ ನಾಯಕತ್ವದ ಪೂನಾ ಹಾರ್ಸ್, ನೆಲಬಾಂಬುಗಳ ನಡುವೆಯೇ ಮುನ್ನುಗ್ಗಿ ಆಚೆ ದಡ ಸೇರಿತು.

16ರ ಬೆಳಗ್ಗೆ ಎಂಟರ ಸುಮಾರಿಗೆ, ಜರ್ಪಾಲ್ ಗ್ರಾಮದ ಬಳಿ, ಹೊಗೆಯ ತೆರೆಯ ಮರೆಯಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಎದುರುದಾಳಿಗೆ ಬಂದವು. ಅಲ್ಲಿದ್ದ ಸ್ಕ್ವಾಡ್ರನ್ನಿನ ಮುಖಂಡ ವೈರ್‌ಲೆಸ್ಸಿನಲ್ಲಿ ನೆರವು ಕೇಳಿದಾಗ, ಇನ್ನೊಂದು ಸ್ಕ್ವಾಡ್ರನ್ನಿನಲ್ಲಿದ್ದ ಅರುಣ್ ತಾನಾಗಿಯೇ ಓಗೊಟ್ಟು ಹೊರಟ. ದಾರಿಯಲ್ಲಿ ಶತ್ರುವಿನ ಕಾವಲುನೆಲೆಗಳು ಗುಂಡಿನ ಮಳೆಗರೆದವು. ಅವನು ಅವುಗಳ ಮೇಲೆಯೇ ನುಗ್ಗಿ, ಅಲ್ಲಿದ್ದವರನ್ನು ಪಿಸ್ತೂಲು ತೋರಿಸಿ ಸೆರೆಹಿಡಿದ. ಜೊತೆಗಿದ್ದ ಟ್ಯಾಂಕಿನ ಮುಖಂಡನೊಬ್ಬ ಮಡಿದರೂ ಅರುಣ್ ನಿಲ್ಲಲಿಲ್ಲ. ಮೊದಲ ದಾಳಿ ಹಿಮ್ಮೆಟ್ಟಿತು. ಶತ್ರು ಮತ್ತೆ ಸಜ್ಜಾಗಿ ಬಂದಾಗ ಅವನಿದ್ದ ಕಡೆ ಎದುರಿಸಲು ಉಳಿದದ್ದು ಮೂರೇ ಟ್ಯಾಂಕು. ಅವುಗಳಲ್ಲಿ ಒಂದಕ್ಕೆ ಗುಂಡು ತಾಗಿತು, ಇನ್ನೊಂದರ ಫಿರಂಗಿ ಕೆಟ್ಟಿತು. ಕೊನೆಗೆ ಉಳಿದದ್ದು ಅರುಣನ ಸೆಂಚುರಿಯನ್ ಟ್ಯಾಂಕೊಂದೇ. ಅದರ ಹೆಸರು ಫಾಮಗುಸ್ಟಾ.

ಅದಕ್ಕೂ ಗುಂಡು ಬಡಿದು ಬೆಂಕಿ ಹತ್ತಿಕೊಂಡಿತು; ಅರುಣ್ ತೀವ್ರವಾಗಿ ಗಾಯಗೊಂಡ. ಟ್ಯಾಂಕು ಬಿಟ್ಟು ಹೊರಬರುವಂತೆ ವೈರ್‌ಲೆಸ್ಸಿನಲ್ಲಿ ಆಜ್ಞೆಯಾಯಿತು. ತನ್ನ ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕು ಬಿಡಲಾರೆ ಎಂಬುದು ಅವನ ಕೊನೆಯ ಉತ್ತರದ ಸಾರ. ಅವನು ಹೊರಬಂದಿದ್ದರೆ ಅಲ್ಲೊಂದು ಬಿರುಕು ಬಿದ್ದು ಶತ್ರು ಒಳನುಗ್ಗುತ್ತಿದ್ದ. ಇನ್ನೂ ಒಂದು ಟ್ಯಾಂಕನ್ನು ಅವನು ಉರುಳಿಸಿದ. ಅಷ್ಟರಲ್ಲಿ ಎರಡನೆಯ ಗುಂಡು ಬಂತು. ಆ ಕಾಳಗದಲ್ಲಿ ನಾಶವಾದ ಶತ್ರುವಿನ ಹತ್ತು ಟ್ಯಾಂಕುಗಳಲ್ಲಿ ನಾಲ್ಕು ಅವನೊಬ್ಬನ ಲೆಕ್ಕಕ್ಕೆ ಸೇರಿದವೆಂದು ಪ್ರಶಸ್ತಿಪತ್ರ ಹೇಳುತ್ತದೆ. ಶತ್ರುವಿಗೆ ಅಲ್ಲಿ ದಾರಿ ದೊರೆಯಲಿಲ್ಲ. ಅರುಣ್ ಅಧಿಕಾರಿಯಾಗಿ ಬದುಕಿದ್ದು ಆರು ತಿಂಗಳು ಮೂರು ದಿನ.

ಮರುದಿನ ಕದನವಿರಾಮವಾಯಿತು. ಸಾಂಬಾದ ಬಳಿ ಅವನ ದೇಹಕ್ಕೆ ಅಗ್ನಿಸಂಸ್ಕಾರ ನಡೆಯಿತು. ಆದರೆ ದೆಹಲಿಯ ಮನೆಗೆ ಸುದ್ದಿ ಮುಟ್ಟಿದ್ದು ಡಿಸೆಂಬರ್ 26ರಂದು. ಯುದ್ಧ ನಿಂತಿತು, ಮಗ ಉಳಿದ, ಇನ್ನೇನು ಬಂದಾನು ಎಂದು ತಾಯಿಯೊಬ್ಬಳು ಬಾಗಿಲ ಕಡೆ ನೋಡಿದ ಆ ಒಂಬತ್ತು ದಿನಗಳನ್ನು ಯಾವ ಪ್ರಶಸ್ತಿಪತ್ರವೂ ಬರೆದಿಡುವುದಿಲ್ಲ. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಖಡಕ್‌ವಾಸ್ಲಾದ ಕವಾಯತು ಮೈದಾನಕ್ಕೆ ಅವನ ಹೆಸರಿಟ್ಟರು. ಫಾಮಗುಸ್ಟಾ ಟ್ಯಾಂಕನ್ನು, ಈಗ ಅಹಿಲ್ಯಾನಗರವೆಂದು ಕರೆಯುವ ಅಹಮದನಗರದಲ್ಲಿ, ಅವನು ಅರ್ಧಕ್ಕೆ ಬಿಟ್ಟುಹೋದ ತರಬೇತಿಯ ನೆಲದಲ್ಲೇ ಕಾದಿರಿಸಿದ್ದಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನಾವು ಪಾಠಪುಸ್ತಕಗಳಲ್ಲಿ ಓದುವ ವೀರಗಾಥೆಗಳಲ್ಲಿ ಒಂದಾಗುತ್ತಿತ್ತು. ಆದರೆ ಮೂವತ್ತು ವರ್ಷಗಳ ಮೇಲೆ, 2001ರಲ್ಲಿ, ಎಂಬತ್ತೊಂದರ ವೃದ್ಧರಾಗಿದ್ದ ತಂದೆ ಬ್ರಿಗೇಡಿಯರ್ ಖೇತರ್ಪಾಲರಿಗೆ ಸಾಯುವ ಮೊದಲು ಹುಟ್ಟೂರು ಸರ್ಗೋಧಾವನ್ನು ಒಮ್ಮೆ ಕಣ್ತುಂಬ ನೋಡುವ ಆಸೆಯಾಯಿತು. ಲಾಹೋರಿನಲ್ಲಿ ಅವರನ್ನು ಬರಮಾಡಿಕೊಂಡು ಮನೆಯಲ್ಲಿರಿಸಿಕೊಂಡವರು ಪಾಕಿಸ್ತಾನದ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಆ ಮನೆಯವರೆಲ್ಲ ತೋರಿದ ಆದರವನ್ನು ಕಂಡು ಅತಿಥಿಗೆ ಅಚ್ಚರಿಯಾಗಿತ್ತು. ಹೊರಡುವ ಹಿಂದಿನ ರಾತ್ರಿ ಆತಿಥೇಯರು, ಬಹುಕಾಲದಿಂದ ಹೇಳಬೇಕೆಂದಿದ್ದ ಒಂದು ಮಾತಿದೆ ಎಂದು ಬಾಯಿಬಿಟ್ಟರು. ಬಸಂತರ್ ಕಾಳಗದ ಆ ಬೆಳಗ್ಗೆ ಎದುರು ಪಡೆಯಲ್ಲಿ ಮೇಜರ್ ಆಗಿದ್ದವರು ಅವರೇ. ಅರುಣನೂ ಅವರೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಅವರು ಬದುಕಿದರು, ಅರುಣ್ ಸತ್ತ. ಅವನಿಗೆ ಇಷ್ಟು ಎಳೆಯ ವಯಸ್ಸೆಂಬುದು ಅವರಿಗೆ ತಿಳಿದದ್ದೇ ಆಮೇಲೆ.

ಮಗನನ್ನು ಕೊಂದ ಕೈಯಿಂದ ದಿನಗಟ್ಟಲೆ ಅನ್ನ ಉಂಡಿದ್ದೇನೆಂದು ತಿಳಿದ ತಂದೆಯ ಸ್ಥಿತಿಯನ್ನು ಊಹಿಸಿನೋಡಿ. ವೃದ್ಧರು ಸಿಡಿಯಲಿಲ್ಲ, ಶಪಿಸಲಿಲ್ಲ. ತಾವೂ ಸೈನಿಕರಾದ್ದರಿಂದ, ಇಬ್ಬರೂ ತಮ್ಮ ತಮ್ಮ ಕರ್ತವ್ಯ ಮಾಡಿದರೆಂಬುದನ್ನು ಒಪ್ಪಿಕೊಂಡು, ಸ್ನೇಹದಿಂದಲೇ ಬೀಳ್ಕೊಂಡು ಬಂದರು. ಮಗ ಹೋಗಬಯಸಿದ್ದ ಲಾಹೋರಿನಲ್ಲಿ ಔತಣವುಂಡು ಬಂದವರು ತಂದೆ.

ಉರಿಯುವ ಟ್ಯಾಂಕಿನಲ್ಲಿ ಕುಳಿತು ಕಾದುವುದು ಧೈರ್ಯ. ಆ ಬೆಂಕಿಯನ್ನು ಮೂವತ್ತು ವರ್ಷ ಎದೆಯೊಳಗೆ ಹೊತ್ತಿದ್ದೂ, ಅದು ಇನ್ನೊಬ್ಬರ ಮನೆಯನ್ನು ಸುಡದಂತೆ ನೋಡಿಕೊಳ್ಳುವುದಕ್ಕೆ ಯಾವ ಹೆಸರಿಡೋಣ? ಅದಕ್ಕೆ ಪದಕವಿಲ್ಲ. ತಪ್ಪೊಪ್ಪಿಗೆಯ ಹಂಗಿಲ್ಲದಿದ್ದರೂ ನಿಜ ಹೇಳಲು ಮುಂದಾದ ಆ ಆತಿಥೇಯರ ಧೈರ್ಯಕ್ಕೂ ಪದಕವಿಲ್ಲ.

ನಮ್ಮ ಮಕ್ಕಳಿಗೆ ಅರುಣನ ಕಥೆಯನ್ನು ಹೇಳಬೇಕು, ತಪ್ಪದೆ ಹೇಳಬೇಕು. ಹೇಳುವಾಗ ಬಸಂತರ್ ತೀರಕ್ಕೇ ನಿಲ್ಲಿಸದೆ ಲಾಹೋರಿನ ಆ ರಾತ್ರಿಯವರೆಗೂ ಕರೆದುಕೊಂಡು ಹೋಗಬೇಕು. ಗೆರೆಯ ಮೇಲೆ ಬಾಳುವವರಾದ ನಮಗೆ, ಗೆರೆಯಾಚೆಯ ಮನೆಯಲ್ಲೂ ದೀಪ ಹಚ್ಚುವವರು ಮನುಷ್ಯರೇ ಎಂಬುದು ಹೊಸ ವಿಷಯವಲ್ಲ. ಅದನ್ನು ಮರೆಯದಿರುವುದಷ್ಟೇ ನಮ್ಮ ಪಾಲಿನ ಕೆಲಸ.