ಬೆನ್ನ ಮೇಲಿನ ಸೀಸ

ಫಾರ್ ಲ್ಯಾಪ್ ಎಂಬ ಕುದುರೆ 51 ಸಲ ಓಡಿ 37 ಸಲ ಗೆದ್ದಿತು. 1926ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ, ಬರೀ 160 ಗಿನಿಗೆ ಹರಾಜಾಗಿ, ಆರ್ಥಿಕ ಕುಸಿತದ ದಿನಗಳಲ್ಲಿ ಆಸ್ಟ್ರೇಲಿಯಾದ ಜನಕ್ಕೆ ಹುಚ್ಚು ಹಿಡಿಸಿದ ಕುದುರೆ ಅದು. ಅದರ ಗೆಲುವುಗಳನ್ನು ಹಾಡಿ ಹೊಗಳುವವರು ಬಹಳ. ನನ್ನನ್ನು ಕಾಡುವುದು ಒಂದು ಸೋಲು. 1931ರ ಮೆಲ್ಬರ್ನ್ ಕಪ್‌ನಲ್ಲಿ ಅದು ಎಂಟನೆಯದಾಗಿ ಬಂತು. ಆ ದಿನ ಅದು ಹೊತ್ತಿದ್ದು 68 ಕಿಲೋ.

ಹ್ಯಾಂಡಿಕ್ಯಾಪ್ ರೇಸಿನ ಲೆಕ್ಕ ಸರಳ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಸಾಧಾರಣದ್ದಕ್ಕೆ ಕಡಿಮೆ. ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ. ಕಡಿಮೆ ಬಿದ್ದರೆ ಸೀಸದ ತಗಡು ಸೇರಿಸಿ ಸರಿದೂಗಿಸುತ್ತಾರೆ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲೂ ಈ ಪದ್ಧತಿ ಉಂಟು. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಗುರಿ ಮುಟ್ಟಬೇಕು ಎಂಬುದೇ ಭಾರ ಗೊತ್ತುಮಾಡುವವನ ಕನಸು. ಕೇಳಲು ಎಷ್ಟು ಚೆಂದ! ಬಡವನಿಗೂ ಒಂದು ಅವಕಾಶ ಸಿಕ್ಕಂತೆ.

ಇದನ್ನು ಮೀಸಲಾತಿಗೆ ಹೋಲಿಸುವ ಮಾತು ಹರಟೆಯಲ್ಲಿ ಬರುವುದುಂಟು. ಹೋಲಿಕೆ ತಲೆಕೆಳಗಾಗಿದೆ. ತಲೆಮಾರುಗಳಿಂದ ಹೊತ್ತು ಬಂದವರ ಭಾರ ಇಳಿಸುವುದು ಒಂದು, ಓಡಿದ ತಪ್ಪಿಗೆ ಹೊಸ ಭಾರ ಹೇರುವುದು ಇನ್ನೊಂದು.

ಹಾಗೆಂದು ಹ್ಯಾಂಡಿಕ್ಯಾಪಿಗೆ ಕಾರಣವೇ ಇಲ್ಲ ಎನ್ನಲಾರೆ. 1930ರ ನವೆಂಬರಿನಲ್ಲಿ ಫಾರ್ ಲ್ಯಾಪ್ ಒಂದೇ ಮೈದಾನದಲ್ಲಿ ಎಂಟು ದಿನದೊಳಗೆ ನಾಲ್ಕು ರೇಸ್ ಗೆದ್ದಿತು. ಅದರಲ್ಲೊಂದು ಮೆಲ್ಬರ್ನ್ ಕಪ್. ಆಗಲೂ ಬೆನ್ನ ಮೇಲೆ 62 ಕಿಲೋಗೂ ಹೆಚ್ಚಿತ್ತು. ಇಂಥದ್ದೊಂದು ಕಣದಲ್ಲಿದ್ದರೆ ಉಳಿದ ಮಾಲೀಕರು ಯಾವ ಆಸೆಗೆ ಬರಬೇಕು? ಅದಕ್ಕಿಂತ ಮುಖ್ಯ, ಬಾಜಿ ಕಟ್ಟುವವರು ಯಾವ ಆಸೆಗೆ ಬರಬೇಕು? ಫಲಿತಾಂಶ ಮೊದಲೇ ಗೊತ್ತಿದ್ದರೆ ಜೂಜಿಲ್ಲ, ಜೂಜಿಲ್ಲದಿದ್ದರೆ ರೇಸ್‌ಕೋರ್ಸ್ ಖಾಲಿ. ನನ್ನ ಅನುಮಾನ ಶುರುವಾಗುವುದು ಇಲ್ಲಿಂದಲೇ. ಸಮಾನತೆ ಎಂದು ಕರೆಸಿಕೊಳ್ಳುವ ಈ ಸೀಸ ಕಾಪಾಡುವುದು ದುರ್ಬಲ ಕುದುರೆಯನ್ನಲ್ಲ, ಬುಕ್ಕಿಯ ಗಲ್ಲಾಪೆಟ್ಟಿಗೆಯನ್ನು. ಗೆದ್ದ ಹಣ ಮಾಲೀಕನ ಜೇಬಿಗೆ, ಗೆದ್ದ ದಂಡ ಕುದುರೆಯ ಬೆನ್ನಿಗೆ.

ಆ ನಾಲ್ಕು ರೇಸುಗಳ ಮೊದಲ ದಿನ ಬೆಳಗ್ಗೆ, ಅಭ್ಯಾಸ ಮುಗಿಸಿ ಬರುತ್ತಿದ್ದ ಫಾರ್ ಲ್ಯಾಪ್ ಕಡೆಗೆ ಕಾರಿನಿಂದ ಗುಂಡು ಹಾರಿತು. ತಗುಲಲಿಲ್ಲ. ಮಧ್ಯಾಹ್ನ ಅದು ಎಂದಿನಂತೆ ಓಡಿ ಗೆದ್ದಿತು. ಹಾರಿಸಿದವರು ಸಿಕ್ಕಲಿಲ್ಲ. ಹುಲ್ಲು ತಿನ್ನುವ ಪ್ರಾಣಿಯ ಮೇಲೆ ಯಾರಿಗೆ ಹಗೆ? ಹಣ ಕಟ್ಟಿದವರಿಗಲ್ಲದೆ ಬೇರೆ ಯಾರಿಗೂ ಇರಲಾರದು. ಗುಂಡನ್ನೂ ಸೀಸದಿಂದಲೇ ಮಾಡುತ್ತಾರೆ ಎಂಬುದು ಸುಮ್ಮನೆ ನೆನಪಾಯಿತು.

ಹೆಚ್ಚುವರಿ ಭಾರವಿಲ್ಲದೆ ಈ ಆಟ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಡರ್ಬಿಯಲ್ಲಿ ಹಿಂದಿನ ಗೆಲುವಿಗೆ ದಂಡವಿಲ್ಲ. ಗಂಡು ಕುದುರೆಗಳೆಲ್ಲ ಒಂದೇ ತೂಕ ಹೊರುತ್ತವೆ, ಹೆಣ್ಣಿಗೆ ತುಸು ರಿಯಾಯಿತಿ. ವಯಸ್ಸು ನೋಡಿ ತೂಕ ಗೊತ್ತುಮಾಡುವ ರೇಸುಗಳೂ ಇವೆ. ಹ್ಯಾಂಡಿಕ್ಯಾಪ್ ಇರಲೇಬೇಕೆಂದರೆ ಇರಲಿ, ಅದಕ್ಕೊಂದು ಮಿತಿಯೂ ಇರಬೇಕು. ಐದಾರು ಕಿಲೋ ಹೆಚ್ಚುವರಿ ಹೊತ್ತು ಎರಡು ಮೈಲಿ ಓಡುವುದು ಹುಡುಗಾಟವಲ್ಲ. ಆ ಮಿತಿ ಎಲ್ಲಿರಬೇಕೆಂದು ತಿಳಿಯಲು ದೊಡ್ಡ ಸಂಶೋಧನೆಯೂ ಬೇಕಿರಲಿಲ್ಲ, ಮೆಲ್ಬರ್ನ್ ಕಪ್‌ನ ಹಳೆಯ ದಾಖಲೆ ನೋಡಿದ್ದರೆ ಸಾಕಿತ್ತು.

1932ರ ಮಾರ್ಚಿನಲ್ಲಿ ಫಾರ್ ಲ್ಯಾಪ್ ಮೆಕ್ಸಿಕೋದ ಅಗ್ವಾ ಕಾಲಿಯೆಂಟೆಯಲ್ಲಿ 58 ಕಿಲೋ ಚಿಲ್ಲರೆ ಹೊತ್ತು ಮತ್ತೆ ಗೆದ್ದಿತು. ಹದಿನಾರು ದಿನಗಳ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಸತ್ತಿತು. ಆ ಸಾವಿನ ಬಗ್ಗೆ, ಪಾಷಾಣದ ಶಂಕೆಯ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. 68 ಕಿಲೋ ಬಗ್ಗೆ ಅಷ್ಟು ನಡೆದಿಲ್ಲ. ಮೆಲ್ಬರ್ನ್ ಕಪ್ ಗೆದ್ದ ಕುದುರೆಗಳಲ್ಲಿ ಅತಿ ಹೆಚ್ಚು ಭಾರ ಹೊತ್ತದ್ದು 1890ರ ಕಾರ್ಬೈನ್. ಅದು ಹೊತ್ತದ್ದು 66 ಕಿಲೋ.