ಬ್ಲೂಬೆರಿ: ಸಸಿಗೆ ಮೊದಲು ಮಣ್ಣು ನೋಡಿ

ಬ್ಲೂಬೆರಿ ಬೇಸಾಯದ ಬಗ್ಗೆ ಇತ್ತೀಚೆಗೆ ಅನೇಕ ರೈತ ಬಾಂಧವರು ವಿಚಾರಿಸುತ್ತಿದ್ದಾರೆ. ಪೇಟೆಯಲ್ಲಿ ಹಣ್ಣಿಗಿರುವ ಬೆಲೆ ಕಂಡು ಆಸೆಪಡುವುದು ತಪ್ಪಲ್ಲ. ಆದರೆ ಸಸಿಗೆ ಹಣ ಕೊಡುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬ್ಲೂಬೆರಿ ಎರಿಕೇಸಿ ಕುಟುಂಬದ ವ್ಯಾಕ್ಸಿನಿಯಂ ಕುಲಕ್ಕೆ ಸೇರಿದ ಪೊದೆ. ಇದೇ ಕುಲದ ಕಾಡುಗಿಡಗಳು ನೀಲಗಿರಿಯ ಶೋಲಾ ಕಾಡುಗಳಲ್ಲಿಯೂ ಇವೆ. ಆದರೆ ತೋಟದ ಬ್ಲೂಬೆರಿಯ ತವರು ಉತ್ತರ ಅಮೆರಿಕ. ಅಲ್ಲಿಯೂ ಮೊದಲು ಹಣ್ಣನ್ನು ಹೆಚ್ಚಾಗಿ ಕಾಡಿನಿಂದಲೇ ಕೀಳುತ್ತಿದ್ದರು. ಈ ಗಿಡಕ್ಕೆ ಹುಳಿ ಮಣ್ಣೇ ಬೇಕೆಂದು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ನ್ಯೂಜೆರ್ಸಿಯ ಬೆಳೆಗಾರ್ತಿ ಎಲಿಜಬೆತ್ ವೈಟ್ ಅವರೊಡನೆ ಸೇರಿ, ಕಾಡಿನ ಉತ್ತಮ ಪೊದೆಗಳನ್ನು ಆರಿಸಿ ಬೆಳೆಸಿ, 1916ರಲ್ಲಿ ಮೊದಲ ಫಸಲು ಮಾರಿದರು. ಈ ಬೆಳೆಯ ಚರಿತ್ರೆ ಆರಂಭವಾದದ್ದೇ ಮಣ್ಣಿನಿಂದ.

ಬ್ಲೂಬೆರಿಗೆ ಮಣ್ಣಿನ ರಸಸಾರ 4.5ರಿಂದ 5.5ರವರೆಗೆ ಇರಬೇಕು. ರಸಸಾರ ಏರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಕಳೆದ ವರ್ಷ ಬಯಲುಸೀಮೆಯ ರೈತರೊಬ್ಬರು ಒಂದು ರೆಂಬೆ ಹಿಡಿದು ಬಂದರು. ಎಳೆ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ರೋಗವೆಂದು ತಿಳಿದು ಎರಡು ಸಲ ಔಷಧಿ ಹೊಡೆದಿದ್ದರು. ಪರೀಕ್ಷಿಸಿದಾಗ ಅವರ ಕೊಳವೆ ಬಾವಿಯ ನೀರಿನ ರಸಸಾರ 8 ದಾಟಿತ್ತು. ಸಸಿಗಳನ್ನು ತಂದದ್ದು ಸಾಲದ ಹಣದಲ್ಲಿ. ಮಾರಿದವರು ನೀರಿನ ಮಾತನ್ನೇ ಎತ್ತಿರಲಿಲ್ಲವಂತೆ.

ಗಂಧಕ ಹಾಕಿ ಮಣ್ಣನ್ನು ಹುಳಿ ಮಾಡಬಾರದೇ ಎಂದು ಕೇಳಬಹುದು. ಸುಣ್ಣದ ಅಂಶವಿರುವ ಎರೆ ಭೂಮಿಯಲ್ಲಿ ಆ ಖರ್ಚು ವ್ಯರ್ಥ. ಉಳಿದ ಕಡೆಯೂ ಇಂತಹ ಕ್ಷಾರ ನೀರು ಹಾಯಿಸಿದರೆ, ಕಷ್ಟಪಟ್ಟು ತಂದ ಹುಳಿ ಉಳಿಯದು. ಮಲೆನಾಡಿನ ಹುಳಿ ಮಣ್ಣು ಹೊಂದೀತು. ಆದರೆ ಬುಡದಲ್ಲಿ ನೀರು ನಿಂತರೆ ಇದರ ಬೇರು ಕೊಳೆಯುತ್ತದೆ.

ಚಳಿಯ ಲೆಕ್ಕವೂ ಇದೆ. ಶೀತ ಪ್ರದೇಶದ ಹಲವು ತಳಿಗಳಿಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ 800 ಗಂಟೆಗಳಿಗೂ ಹೆಚ್ಚು ಕಾಲ ಬೇಕು. ನಮ್ಮಲ್ಲಿ ಅದು ಸಿಗದು. ಫ್ಲಾರಿಡಾದಲ್ಲಿ ಕಡಿಮೆ ಚಳಿ ಸಾಕಾಗುವ ತಳಿಗಳನ್ನು ಅಭಿವೃದ್ಧಿಪಡಿಸಿದ್ದಾರೆ. ಆದ್ದರಿಂದ ತಳಿಯ ಹೆಸರು ಕೇಳದೆ ಸಸಿ ಕೊಳ್ಳಬೇಡಿ.

ಆಸಕ್ತಿಯಿದ್ದವರು ಮೊದಲು ಹತ್ತು ಗಿಡಗಳನ್ನು ಮಾತ್ರ, ತೊಳೆದ ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಲ್ಲಿ ಬೆಳೆಸಿ ನೋಡಿ. ಮಳೆನೀರು ಶೇಖರಿಸಿ ಹಾಕಿ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟನ್ನು ಅಲ್ಪ ಪ್ರಮಾಣದಲ್ಲಿ ಕೊಡಿ. ಸುಣ್ಣ, ಬೂದಿ ಬೇಡ. ಎರಡು ಮೂರು ವರ್ಷ ಗಮನಿಸಿ ಮುಂದಿನ ಹೆಜ್ಜೆ ಇಡಿ. ಹತ್ತು ಗಿಡ ಕಲಿಸುವ ಪಾಠಕ್ಕೆ ಒಂದು ಎಕರೆಯನ್ನು ಒತ್ತೆ ಇಡಬೇಕಾಗಿಲ್ಲ.