ಸೋಮವಾರವೇ, ಸೋಮವಾರ ಮಾತ್ರ

ಹೋದ ವಾರ ನನ್ನ ಹೆಂಡತಿಗೆ ಅಂಚೆಯಲ್ಲಿ ಹೊಸ ಎಟಿಎಂ ಕಾರ್ಡು ಬಂತು. ಜೊತೆಗೊಂದು ಚೀಟಿ, ಪೂರಾ ಇಂಗ್ಲಿಷಿನಲ್ಲಿ. ನನ್ನ ಕನ್ನಡಕ ಎಂದಿನಂತೆ ಎಲ್ಲೋ ಕಳೆದುಹೋಗಿತ್ತು. ಆರನೇ ಕ್ಲಾಸಿನ ಮೊಮ್ಮಗಳು ಚೀಟಿ ಕಿತ್ತುಕೊಂಡು, ‘ಅಂಡರ್ ನೋ ಸರ್ಕಮ್‌ಸ್ಟೆನ್ಸಸ್ ಶುಡ್ ಯು ಷೇರ್ ಯುವರ್ ಪಿನ್’ ಎಂದು ಓದಿದಳು. ಕೊನೆಗೆ ಪ್ರಶ್ನೆ ಕೇಳುವವಳ ಹಾಗೆ ದನಿ ಎತ್ತರಿಸಿದಳು.

“ಏನಂತೆ ಪುಟ್ಟೀ?” ಎಂದಳು ನನ್ನ ಹೆಂಡತಿ.

“ಪಿನ್ ಹೇಳಬೇಕಾ ಅಂತ ಏನೋ ಕೇಳಿದ್ದಾರೆ ಅಜ್ಜಿ. ಪ್ರಶ್ನಾರ್ಥಕ ಚಿಹ್ನೆ ಹಾಕೋದು ಮರೆತಿದ್ದಾರೆ.”

“ಕೇಳಿದರೆ ಹೇಳಿದರಾಯಿತು ಬಿಡು. ಬ್ಯಾಂಕಿನವರು ತಾನೇ!”

35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಎದೆ ಝಲ್ಲೆಂದಿತು. ಕನ್ನಡಕ ತಾನಾಗಿಯೇ ಸಿಕ್ಕಿತು.

ಮಕ್ಕಳೇ, ಆ ಚೀಟಿಯಲ್ಲಿ ಇದ್ದದ್ದು ಪ್ರಶ್ನೆಯಲ್ಲ, ಎಚ್ಚರಿಕೆ. ‘ಯಾವ ಕಾರಣಕ್ಕೂ ನಿಮ್ಮ ಪಿನ್ ಯಾರಿಗೂ ಹೇಳಬಾರದು’ ಎಂದು ಅದರ ಅರ್ಥ. ಹಾಗಾದರೆ ‘ಯು ಶುಡ್’ ಎಂದಿರಬೇಕಾದದ್ದು ‘ಶುಡ್ ಯು’ ಎಂದು ತಿರುಗಿದ್ದೇಕೆ? ಮೊಮ್ಮಗಳ ಅನುಮಾನ ನ್ಯಾಯವಾದದ್ದೇ. ಬಿ.ಕಾಂ. ಓದಿದ ನಾನು ವ್ಯಾಕರಣ ಪಂಡಿತನಲ್ಲ. ಆದರೆ ಇಂಥ ಕಾಗದಗಳನ್ನೇ ಟೈಪ್ ಮಾಡುತ್ತಾ ತಲೆಗೂದಲು ನರೆತಿದೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಇಂಗ್ಲಿಷಿನ ಕ್ಯಾನ್, ಮೇ, ಮಸ್ಟ್, ಶುಡ್, ವಿಲ್ ಇವುಗಳಿಗೆ ಮೋಡಲ್ ಎಂದು ಹೆಸರು. ನಮ್ಮ ‘ಬಹುದು, ಬೇಕು, ಬಾರದು’ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ನಾನು ಬರಬಹುದು, ನೀನು ಬರಬಹುದು, ಅವಳು ಬರಬಹುದು. ಬರುವವರು ಯಾರಾದರೂ ‘ಬಹುದು’ ಬದಲಾಗುವುದಿಲ್ಲ. ಅಲ್ಲಿಯೂ ಐ ಕ್ಯಾನ್, ಯು ಕ್ಯಾನ್, ಶೀ ಕ್ಯಾನ್. ‘ಶೀ ಕಮ್ಸ್’ ಎನ್ನುವಾಗ ಬಾಲಕ್ಕೆ ಸೇರುವ ‘ಸ್’ ಕ್ಯಾನ್‌ಗೆ ಅಂಟುವುದಿಲ್ಲ. ವ್ಯತ್ಯಾಸ ಇರುವುದು ಜಾಗದಲ್ಲಿ. ನಮ್ಮದು ಕ್ರಿಯಾಪದದ ಕೊನೆಗೆ ಸೇರಿಕೊಳ್ಳುತ್ತದೆ. ಅವರದು ‘ಯು’, ‘ಶೀ’ ಮುಂತಾದ ಸರ್ವನಾಮಕ್ಕೂ ಕ್ರಿಯಾಪದಕ್ಕೂ ನಡುವೆ ಕೂರುತ್ತದೆ.

ಈಗ ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಪದಗುಚ್ಛ ಸೇರಿಸೋಣ. ‘ಯು ಕ್ಯಾನ್ ಕಮ್ ಆನ್ ಮಂಡೇ.’ ಸೋಮವಾರವನ್ನು ಮೊದಲಿಗೆ ತಂದರೆ ‘ಆನ್ ಮಂಡೇ ಯು ಕ್ಯಾನ್ ಕಮ್.’ ಉಳಿದವರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಆದರೆ ಮೊದಲಿಗೆ ತಂದ ಪದಗುಚ್ಛದಲ್ಲಿ ‘ಇಲ್ಲ’ ಎಂಬ ಅರ್ಥವೋ ‘ಮಾತ್ರ’ ಎಂಬ ಅರ್ಥವೋ ಇದ್ದರೆ ಮೋಡಲ್ ಎದ್ದು ಬಂದು ಸರ್ವನಾಮಕ್ಕಿಂತ ಮೊದಲು ಕೂರುತ್ತದೆ. ‘ಓನ್ಲಿ ಆನ್ ಮಂಡೇ ಕ್ಯಾನ್ ಯು ಕಮ್.’ ‘ನೆವರ್ ವಿಲ್ ಐ ಟೆಲ್.’ ನೋಡಲು ಪ್ರಶ್ನೆಯ ವೇಷ, ಒಳಗೆ ಖಡಾಖಂಡಿತ ಮಾತು. ಹಳೆಯ ಕಾಲದ ಇಂಗ್ಲಿಷಿನಲ್ಲಿ ಈ ಅದಲುಬದಲು ಇನ್ನೂ ಹೆಚ್ಚಾಗಿತ್ತು. ಅದರ ಸೋದರ ಭಾಷೆ ಜರ್ಮನ್‌ನಲ್ಲಿ ‘ಸೋಮವಾರ’ ಎಂದು ಶುರುಮಾಡಿದರೂ ಸಾಕು, ಇವತ್ತಿಗೂ ಮೋಡಲ್ ಮುಂದಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಆ ಹಳೆಯ ಪದ್ಧತಿಯ ತುಣುಕಷ್ಟೇ ಉಳಿದಿದೆ.

ಒಂದು ಎಚ್ಚರಿಕೆ. ‘ಓನ್ಲಿ’ ಸರ್ವನಾಮಕ್ಕೇ ಅಂಟಿದ್ದರೆ ಅದಲುಬದಲು ಇಲ್ಲ. ‘ಓನ್ಲಿ ಯು ಕ್ಯಾನ್ ಕಮ್ ಆನ್ ಮಂಡೇ’ ಎಂದರೆ ಸೋಮವಾರ ನೀನೊಬ್ಬನೇ ಬರಬಹುದು ಎಂದು.

“ಒಂದು ಓನ್ಲಿಗೆ ಇಷ್ಟೊಂದು ರಗಳೆಯಾ ತಾತ?” ಎಂದಳು ಮೊಮ್ಮಗಳು. ಆಗ, ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ.

ನನಗಿನ್ನೂ 30 ತುಂಬಿರಲಿಲ್ಲ. ಮಲೆನಾಡಿನ ಒಂದು ಶಾಖೆಯಲ್ಲಿದ್ದೆ. ಗಂಡನನ್ನು ಕಳೆದುಕೊಂಡ ಹಿರಿಯ ಹೆಣ್ಣುಮಗಳೊಬ್ಬರು, ಇಬ್ಬರೂ ಜಂಟಿಯಾಗಿ ಇಟ್ಟಿದ್ದ ಠೇವಣಿಯ ಹಣಕ್ಕೆ ಅರ್ಜಿ ಕೊಟ್ಟಿದ್ದರು. ಒಂದು ತಿಂಗಳಾಗಬಹುದು ಎಂದಿದ್ದೆವು. ಕಾಗದಪತ್ರ ಬೇಗ ಮುಗಿಯಿತು. ಅವರಿಗೆ ಸಂತೋಷವಾಗಲೆಂದು ಉತ್ಸಾಹದಿಂದ ಟೈಪ್ ಮಾಡಿದೆ: ‘ಯು ಮೇ ಕಮ್ ಆನ್ ಮಂಡೇ ಓನ್ಲಿ.’ ನನ್ನ ಮನಸ್ಸಿನಲ್ಲಿದ್ದದ್ದು ‘ಸೋಮವಾರವೇ ಬರಬಹುದು, ತಿಂಗಳು ಕಾಯಬೇಕಿಲ್ಲ’ ಎಂದು. ನಮ್ಮ ಕನ್ನಡದ ‘ಏ’ಕಾರವನ್ನು ‘ಓನ್ಲಿ’ ಮಾಡಿ ಕೂರಿಸಿದ್ದೆ. ನಮ್ಮಲ್ಲಿ ಈಗಲೂ ‘ಟುಡೇ ಓನ್ಲಿ ಐ ಕೇಮ್’ ಎನ್ನುವವರು ಮಾಡುವುದು ಇದನ್ನೇ.

ಆಕೆಗೆ ಇಂಗ್ಲಿಷ್ ಬಾರದು. ಊರಿನ ಮೇಷ್ಟ್ರ ಹತ್ತಿರ ಓದಿಸಿದರು. ಮೇಷ್ಟ್ರು ಬರೆದಿದ್ದನ್ನು ಬರೆದ ಹಾಗೆಯೇ ಹೇಳಿದರು: “ಸೋಮವಾರ ಮಾತ್ರ ಬರಬಹುದಂತೆ.” ಆ ದಿನ ತಪ್ಪಿದರೆ ಹಣ ಹೋಯಿತು ಎಂದುಕೊಂಡ ಆಕೆ ಜಡಿಮಳೆಯಲ್ಲಿ, ಮೈ ಸುಡುವ ಜ್ವರದಲ್ಲಿ, ಮೊದಲ ಬಸ್ಸಿಗೆ ಬಂದರು. ಕೈ ನಡುಗುತ್ತಿತ್ತು. ಹಾಕಿದ ಸಹಿ ನಮ್ಮಲ್ಲಿದ್ದ ಮಾದರಿ ಸಹಿಗೆ ಹೊಂದಲಿಲ್ಲ. ಅವತ್ತು ಹಣ ಕೊಡಲಾಗಲಿಲ್ಲ.

“ಇನ್ನೊಂದು ದಿನ ಬಂದರೆ ಕೊಡ್ತೀರಾ ಅಪ್ಪ? ಸೋಮವಾರ ಮಾತ್ರ ಅಂತ ಬರೆದಿದ್ದೀರಲ್ಲ” ಎಂದರು. ಆಗಲೇ ನನಗೆ ನನ್ನ ತಪ್ಪು ಗೊತ್ತಾದದ್ದು. “ಹುಷಾರಾದ ಮೇಲೆ ಯಾವತ್ತಾದರೂ ಬನ್ನಿ ಅಮ್ಮಾ” ಎಂದೆ. ಆಕೆ ಬೈಯಲಿಲ್ಲ. “ಹಾಗಂತಲೇ ಬರೆಯಬಹುದಿತ್ತಲ್ಲಪ್ಪ” ಎಂದರು, ಅಷ್ಟೇ. ಹತ್ತು ದಿನದ ಮೇಲೆ ಬಂದು ಹಣ ತೆಗೆದುಕೊಂಡು ಹೋದರು. ಆವತ್ತಿನಿಂದ ನಿವೃತ್ತನಾಗುವ ತನಕ, ನಾನು ಕಳಿಸಿದ ಪ್ರತಿ ಇಂಗ್ಲಿಷ್ ಕಾಗದದ ಅಡಿಯಲ್ಲಿ ಕನ್ನಡದ ಒಂದು ಸಾಲು ಕೈಯಲ್ಲಿ ಬರೆಯುತ್ತಿದ್ದೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆನ್ಸಿಲ್ ತಂದು ಎಟಿಎಂ ಚೀಟಿಯ ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: ‘ಅಜ್ಜಿ, ಪಿನ್ ಯಾರಿಗೂ ಹೇಳಬಾರದು. ತಾತನಿಗೂ.’

ಈ ವಾರದ ಮನೆಗೆಲಸ, ಅಜ್ಜ ಅಜ್ಜಿ ಮೊಮ್ಮಕ್ಕಳು ಸೇರಿ ಮಾಡಬೇಕಾದದ್ದು. ‘ಐ ಕ್ಯಾನ್ ಸೈನ್ ಟುಡೇ’ ಎಂಬ ವಾಕ್ಯದಲ್ಲಿ ‘ಓನ್ಲಿ’ಯನ್ನು ಮೊದಲು ‘ಐ’ ಹಿಂದೆ ಇಡಿ, ಆಮೇಲೆ ‘ಸೈನ್’ ಹಿಂದೆ, ಆಮೇಲೆ ‘ಟುಡೇ’ ಹಿಂದೆ. ಮೂರಕ್ಕೂ ಬೇರೆ ಬೇರೆ ಕನ್ನಡ ವಾಕ್ಯ ಬರೆಯಿರಿ. ನಮ್ಮ ‘ಏ’ ಮತ್ತು ‘ಮಾತ್ರ’ ಎಲ್ಲೆಲ್ಲಿ ಸೇರುತ್ತವೆ, ನೋಡಿ. ಕೊನೆಗೆ ‘ಓನ್ಲಿ ಟುಡೇ’ ಎಂದು ವಾಕ್ಯ ಶುರುಮಾಡಿ. ಕ್ಯಾನ್ ಎಲ್ಲಿಗೆ ಹೋಗುತ್ತದೆಂದು ಈಗ ನಿಮಗೇ ಗೊತ್ತು.